ಅಟ್ಟದ ಮೇಲಿನ ಕ್ಯಾಸೆಟ್ಟು: ಇನ್ನೊಮ್ಮೆ ಓಡಿಸುವ ಮುನ್ನ

ಹಳೆಯ ಮನೆಗಳ ಅಟ್ಟದಲ್ಲಿ ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ತುಕ್ಕು ಹಿಡಿದ ಟ್ರಂಕುಗಳ ಜೊತೆಗೆ ಈಗ ಇನ್ನೊಂದು ವಸ್ತುವೂ ಸೇರಿಕೊಂಡಿದೆ. ಪುಸ್ತಕದಷ್ಟು ದೊಡ್ಡದಾದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ. ಅದೇ ವೀಡಿಯೊ ಕ್ಯಾಸೆಟ್ಟು. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ‘ಮದುವೆ, ಭಾಗ 2’ ಎಂದೋ ‘ಗೃಹಪ್ರವೇಶ’ ಎಂದೋ ಮಾಸಿದ ಶಾಯಿಯ ಬರಹ. ಒಳಗೆ ತೀರಿಕೊಂಡ ಅಜ್ಜಿಯ ಆರತಿ ಹಾಡು ಇರಬಹುದು, ಕರಾವಳಿಯ ಮನೆಯಾದರೆ ಈಗಿಲ್ಲದ ಭಾಗವತರೊಬ್ಬರ ಇಡೀ ರಾತ್ರಿಯ ಪದ್ಯಗಳಿರಬಹುದು. ನೋಡೋಣವೆಂದರೆ ಯಂತ್ರವಿಲ್ಲ. ಯಂತ್ರ ಸಿಕ್ಕಿದರೆ ಅದು ಓಡುವುದಿಲ್ಲ. ಓಡಿದರೆ ಟೇಪನ್ನೇ ನುಂಗಿಬಿಡುತ್ತದೆ.

ಇಂಥ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಸಾಧನಗಳು ಮಾರುಕಟ್ಟೆಯಲ್ಲಿ ಉಂಟು. ಕೆಲವು ನೂರು ರೂಪಾಯಿಗೆ ಸಿಗುವ ಹೆಬ್ಬೆರಳಿನಷ್ಟು ಗಾತ್ರದ ತುಂಡಿನಿಂದ ಹಿಡಿದು, ಸ್ಟುಡಿಯೊಗಳು ಬಳಸುವ ದುಬಾರಿ ಪೆಟ್ಟಿಗೆಯವರೆಗೆ ಹಲವು ಬಗೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಅಂಗಡಿಯವನಿಗೆ ಕೇಳುವ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇಲ್ಲಿ ಒಂದು ವಿಶೇಷವಿದೆ. ಮೂವತ್ತು ನಲವತ್ತು ವರ್ಷ ಹಳೆಯದಾದ ಟೇಪನ್ನು ಚೆನ್ನಾಗಿ ಓಡಿಸುವ ಅವಕಾಶ ಬಹುಶಃ ಇನ್ನೊಂದೇ ಸಲ ಸಿಗುತ್ತದೆ. ಆ ಒಂದು ಸಲದಲ್ಲಿ ಟೇಪಿನಲ್ಲಿರುವುದನ್ನೆಲ್ಲ ಹಿಡಿದುಕೊಳ್ಳುವ, ಏನನ್ನೂ ತಾನಾಗಿ ಎಸೆಯದ ಸಾಧನವೇ ಒಳ್ಳೆಯ ಸಾಧನ. ಉಳಿದ ಗುಣಗಳೆಲ್ಲ ಆಮೇಲಿನ ಮಾತು.

ಅಳಿಸುವುದೇ ರೂಢಿಯಾಗಿದ್ದಾಗ

ಟಿ.ವಿ. ಚಿತ್ರವನ್ನು ಟೇಪಿನಲ್ಲಿ ಹಿಡಿದಿಡುವ ಯಂತ್ರವನ್ನು ಅಮೆರಿಕದ ಆಂಪೆಕ್ಸ್ ಕಂಪನಿ 1956ರ ಏಪ್ರಿಲ್‌ನಲ್ಲಿ ಪ್ರದರ್ಶಿಸಿತು. ಎರಡು ಅಂಗುಲ ಅಗಲದ ಟೇಪು, ಕಪಾಟಿನಷ್ಟು ದೊಡ್ಡ ಯಂತ್ರ. ಟೇಪಿನ ಬೆಲೆ ಎಷ್ಟು ಹೆಚ್ಚಿತ್ತೆಂದರೆ, ಒಮ್ಮೆ ಪ್ರಸಾರವಾದ ಕಾರ್ಯಕ್ರಮವನ್ನು ಅಳಿಸಿ ಅದೇ ಟೇಪಿನ ಮೇಲೆ ಇನ್ನೊಂದನ್ನು ದಾಖಲಿಸುವುದು ಹಲವು ಕೇಂದ್ರಗಳ ರೂಢಿಯಾಯಿತು. ಹೀಗೆ ಅಳಿಸಿದವರಲ್ಲಿ ಬ್ರಿಟನ್ನಿನ ಬಿ.ಬಿ.ಸಿ.ಯೂ ಸೇರಿತ್ತು. 1960ರ ದಶಕದಲ್ಲಿ ಅದು ಪ್ರಸಾರ ಮಾಡಿದ ‘ಡಾಕ್ಟರ್ ಹೂ’ ಧಾರಾವಾಹಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಕಳೆದುಹೋಗಿದೆ. ಆದರೆ ಅವುಗಳ ಧ್ವನಿ ಮಾತ್ರ ಪೂರ್ತಿಯಾಗಿ ಉಳಿದಿದೆ. ಉಳಿಸಿದ್ದು ಬಿ.ಬಿ.ಸಿ. ಅಲ್ಲ, ಮನೆಯಲ್ಲಿ ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತಿದ್ದ ಎಳೆಯ ಅಭಿಮಾನಿಗಳು!

ಅಮೆರಿಕದ ಕಥೆಯೂ ಇದೇ. 1967ರ ಜನವರಿಯಲ್ಲಿ ನಡೆದ ಮೊದಲ ‘ಸೂಪರ್ ಬೌಲ್’ ಫುಟ್‌ಬಾಲ್ ಪಂದ್ಯವನ್ನು ಎರಡು ದೊಡ್ಡ ಜಾಲಗಳು ಪ್ರಸಾರ ಮಾಡಿದವು. ಎರಡೂ ತಮ್ಮ ಟೇಪುಗಳನ್ನು ಉಳಿಸಿಕೊಳ್ಳಲಿಲ್ಲ. 2005ರಲ್ಲಿ ಅದರ ಬಹುಭಾಗ ಪತ್ತೆಯಾಯಿತು. ಎಲ್ಲಿ? ಪೆನ್ಸಿಲ್ವೇನಿಯಾ ರಾಜ್ಯದ ಮನೆಯೊಂದರ ಅಟ್ಟದಲ್ಲಿ.

1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, 1976ರಲ್ಲಿ ಜೆ.ವಿ.ಸಿ.ಯ ವಿ.ಎಚ್.ಎಸ್. ಬಂದು ರೆಕಾರ್ಡಿಂಗ್ ಎಂಬುದು ಮನೆಯ ಹಜಾರಕ್ಕೆ ಇಳಿಯಿತು. ಚಿತ್ರೋದ್ಯಮದವರು ನ್ಯಾಯಾಲಯಕ್ಕೆ ಹೋದರು. ಆಮೇಲೆ ನೋಡುವುದಕ್ಕಾಗಿ ಮನೆಯಲ್ಲಿ ಟಿ.ವಿ. ಕಾರ್ಯಕ್ರಮವನ್ನು ದಾಖಲಿಸಿಕೊಳ್ಳುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1984ರಲ್ಲಿ ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳು ಪರ, ನಾಲ್ವರು ವಿರೋಧ. ಒಂದೇ ಮತದ ಅಂತರ. ಫಿಲಡೆಲ್ಫಿಯಾದ ಮರಿಯನ್ ಸ್ಟೋಕ್ಸ್ ಎಂಬ ಮಹಿಳೆ ಈ ಸೌಲಭ್ಯವನ್ನು ಯಾರೂ ಬಳಸದಷ್ಟು ಬಳಸಿದರು. ಹಿಂದೆ ಗ್ರಂಥಪಾಲಕಿಯಾಗಿದ್ದ ಅವರು ಹಲವು ವಿ.ಸಿ.ಆರ್.ಗಳನ್ನು ಇಟ್ಟುಕೊಂಡು 1979ರ ಸುಮಾರಿನಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಸುದ್ದಿ ವಾಹಿನಿಗಳನ್ನು ಹಗಲೂ ರಾತ್ರಿ ದಾಖಲಿಸಿದರು. ಸುಮಾರು 70,000 ಕ್ಯಾಸೆಟ್ಟುಗಳು! ಬದುಕಿದ್ದಾಗ ಅದು ವಿಚಿತ್ರ ಗೀಳಿನಂತೆ ಕಂಡಿತ್ತು. ಈಗ ಆ ಸಂಗ್ರಹ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯ ವಶದಲ್ಲಿದೆ.

ಭಾರತದಲ್ಲಿ 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದ ವೇಳೆಗೆ ಬಣ್ಣದ ಟಿ.ವಿ. ಬಂತು, ಅದರ ಬೆನ್ನಿಗೇ ವಿ.ಸಿ.ಆರ್. ಹಬ್ಬಿತು. ಊರೂರಿಗೆ ವೀಡಿಯೊ ಅಂಗಡಿ, ರಾತ್ರಿ ಬಸ್ಸುಗಳಿಗೆ ‘ವೀಡಿಯೊ ಕೋಚ್’ ಎಂಬ ಬಿರುದು, ಮದುವೆ ಮಂಟಪಗಳಲ್ಲಿ ಕಣ್ಣು ಕುಕ್ಕುವ ದೀಪ ಹಿಡಿದ ಹುಡುಗ. 1988ರಲ್ಲಿ ಶುರುವಾದ ‘ನ್ಯೂಸ್‌ಟ್ರ್ಯಾಕ್’ ಎಂಬ ಸುದ್ದಿ ಪತ್ರಿಕೆಯಂತೂ ಕ್ಯಾಸೆಟ್ಟಿನ ರೂಪದಲ್ಲೇ ಮನೆಗೆ ಬರುತ್ತಿತ್ತು. ಆ ಹತ್ತಿಪ್ಪತ್ತು ವರ್ಷಗಳ ಮನೆಮನೆಯ ಚರಿತ್ರೆ ಇರುವುದು ಅಟ್ಟದ ಮೇಲಿನ ಕಪ್ಪು ಪೆಟ್ಟಿಗೆಗಳಲ್ಲಿಯೇ.

ಟೇಪಿನ ಒಳಗೆ ಏನಿದೆ?

ಸಾಧನ ಆರಿಸುವ ಮೊದಲು ಟೇಪಿನ ಸ್ವಭಾವ ತಿಳಿಯಬೇಕು. ಮೂರು ಗಂಟೆಯ ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಅರ್ಧ ಅಂಗುಲ ಅಗಲದ, ಸುಮಾರು 258 ಮೀಟರ್ ಉದ್ದದ ಪಟ್ಟಿ ಸುತ್ತಿರುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಅಂಟಿನಲ್ಲಿ ಕಲಸಿದ ಕಾಂತೀಯ ಪುಡಿಯ ಲೇಪ. ಪಟ್ಟಿ ಸರಿಯುವುದು ಬಹಳ ನಿಧಾನ. ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗೆ ತುಸು ಹೆಚ್ಚು. ಆದರೆ ಅದು ಸುತ್ತಿಕೊಳ್ಳುವ ಓರೆಯಾದ ಉರುಳೆ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಆ ಉರುಳೆಯಲ್ಲಿರುವ ಎರಡು ಹೆಡ್ಡುಗಳು ಪಟ್ಟಿಯ ಮೇಲೆ ಓರೆ ಗೆರೆಗಳನ್ನು ಎಳೆಯುತ್ತ ಹೋಗುತ್ತವೆ. ಒಂದೊಂದು ಗೆರೆಯೂ ಒಂದು ಅರೆಚಿತ್ರ. ಸೆಕೆಂಡಿಗೆ ಐವತ್ತು ಅರೆಚಿತ್ರ. ಒಂದರಲ್ಲಿ ಬೆಸ ಸಾಲುಗಳು, ಇನ್ನೊಂದರಲ್ಲಿ ಸರಿ ಸಾಲುಗಳು. ಎರಡು ಸೇರಿದರೆ ಒಂದು ಪೂರ್ಣ ಚಿತ್ರ. ಭಾರತದ ‘ಪಾಲ್’ ಪದ್ಧತಿಯಲ್ಲಿ ಇದಕ್ಕೆ 625 ಸಾಲು. ಅದರಲ್ಲಿ ತೆರೆಯ ಮೇಲೆ ಕಾಣುವುದು 576.

ವರ್ಷಗಳು ಕಳೆದಂತೆ ಪಟ್ಟಿ ಹಿಗ್ಗುತ್ತದೆ, ಕುಗ್ಗುತ್ತದೆ. ಹಾಗಾಗಿ ಒಂದೊಂದು ಸಾಲೂ ಹೆಡ್ಡಿಗೆ ತಲುಪುವ ಗಳಿಗೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬೀಳುತ್ತದೆ. ಹಳೆಯ ಗಾಜಿನ ಕೊಳವೆಯ ಟಿ.ವಿ. ಇಂಥ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಕಂಪ್ಯೂಟರಿಗೆ ಆ ಉದಾರತೆ ಇಲ್ಲ. ಅದಕ್ಕೆ ಪ್ರತಿಯೊಂದು ಸಾಲೂ ಗಡಿಯಾರದ ಪ್ರಕಾರ ಬರಬೇಕು. ಇಳಿಸುವಾಗ ಕಾಣುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಇಲ್ಲಿಂದಲೇ.

ಮೊದಲು ಪ್ಲೇಯರ್

ಹೆಚ್ಚಿನವರು ಕ್ಯಾಪ್ಚರ್ ಸಾಧನಕ್ಕೆ ಹಣ ಸುರಿದು, ಮೂಲೆಯಲ್ಲಿದ್ದ ಯಾವುದೋ ವಿ.ಸಿ.ಆರ್.ಗೆ ಅದನ್ನು ಜೋಡಿಸುತ್ತಾರೆ. ಇದು ತಲೆಕೆಳಗಾದ ಕ್ರಮ. ಸವೆದ ಹೆಡ್ಡು ಓದದೇ ಬಿಟ್ಟದ್ದನ್ನು ಮುಂದಿನ ಯಾವ ಸಾಧನವೂ ಮರಳಿ ತರಲಾರದು. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿತು. ಆ ಹೊತ್ತಿಗೆ ಅವನ್ನು ತಯಾರಿಸುತ್ತಿದ್ದ ದೊಡ್ಡ ಕಂಪನಿ ಅದೊಂದೇ. ಈಗ ಸಿಗುವುದೆಲ್ಲ ಹಳೆಯ ಯಂತ್ರಗಳೇ. ಅವುಗಳಲ್ಲಿ ರಬ್ಬರ್ ಉರುಳೆ ಗಟ್ಟಿಯಾಗಿರುತ್ತದೆ, ಬೆಲ್ಟು ಸಡಿಲವಾಗಿರುತ್ತದೆ. ಊರಿನಲ್ಲಿ ಹಳೆಯ ಟಿ.ವಿ. ರಿಪೇರಿಯವರು ಯಾರಾದರೂ ಇನ್ನೂ ಕೆಲಸ ಮಾಡುತ್ತಿದ್ದರೆ, ಅವರಿಂದ ಯಂತ್ರವನ್ನು ಶುಚಿ ಮಾಡಿಸಿ, ಬೇಡದ ಕ್ಯಾಸೆಟ್ಟೊಂದನ್ನು ಹಾಕಿ ನೋಡಿದ ಮೇಲೆಯೇ ಮನೆಯ ಕ್ಯಾಸೆಟ್ಟನ್ನು ಮುಟ್ಟಬೇಕು.

ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಟೇಪುಗಳಲ್ಲಿ ಬೂಷ್ಟು ಬೆಳೆದಿರುವುದುಂಟು. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಸುರುಳಿಯ ಮೇಲೆ ಬಿಳಿಯ ಹುಡಿ ಕಾಣುತ್ತದೆ. ಅಂಥದ್ದನ್ನು ಹಾಗೆಯೇ ಓಡಿಸಿದರೆ ಹೆಡ್ಡು ಕಟ್ಟಿಕೊಳ್ಳುತ್ತದೆ, ಟೇಪು ಗೀರಿಹೋಗುತ್ತದೆ, ಮುಂದೆ ಹಾಕುವ ಕ್ಯಾಸೆಟ್ಟಿಗೂ ಬೂಷ್ಟು ಹತ್ತುತ್ತದೆ. ಅವನ್ನು ಬೇರೆಯಾಗಿಟ್ಟು, ಶುಚಿ ಮಾಡಲು ಬಲ್ಲವರಿಗೇ ಕೊಡುವುದು ಒಳ್ಳೆಯದು.

ಒಂದೇ ಮದುವೆಯ ಎರಡು ಮೂರು ಕ್ಯಾಸೆಟ್ಟುಗಳು ನೆಂಟರ ಮನೆಗಳಲ್ಲಿ ಹಂಚಿಹೋಗಿದ್ದರೆ ಎಲ್ಲವನ್ನೂ ತರಿಸಿ ನೋಡಬೇಕು. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಬಣ್ಣ ಕದಡುತ್ತದೆ, ಅಂಚು ಮಸುಕಾಗುತ್ತದೆ. ಮೂಲಕ್ಕೆ ಹತ್ತಿರವಾದ ಕ್ಯಾಸೆಟ್ಟು ಸಿಕ್ಕರೆ ಅರ್ಧ ಕೆಲಸ ಆದಂತೆ.

ಸಾಧನವನ್ನು ಪರೀಕ್ಷಿಸುವ ಬಗೆ

ಕ್ಯಾಪ್ಚರ್ ಸಾಧನ ಮಾಡುವ ಕೆಲಸ ಹೇಳಲು ಸರಳ. ಪ್ಲೇಯರಿನಿಂದ ಬರುವ ಏರಿಳಿತದ ವಿದ್ಯುತ್ ಸಂಕೇತವನ್ನು ಅಳೆದು ಅಂಕಿಗಳಾಗಿ ಬರೆಯುವುದು. ಕೊಳ್ಳುವವರು ಐದು ವಿಷಯಗಳನ್ನು ನೋಡಿದರೆ ಸಾಕು.

ಮೊದಲನೆಯದು, ಒಳದಾರಿ. ಹಳದಿ ಪಿನ್ನಿನ ಸಾಮಾನ್ಯ ವಯರಿನಲ್ಲಿ ಬಣ್ಣವೂ ಬೆಳಕೂ ಒಂದರಲ್ಲೊಂದು ಬೆರೆತು ಬರುತ್ತವೆ; ಸಾಧನ ಅವನ್ನು ಮತ್ತೆ ಬೇರ್ಪಡಿಸಬೇಕು. ವಿ.ಎಚ್.ಎಸ್. ಟೇಪಿನಲ್ಲಾದರೋ ಅವೆರಡೂ ಮೊದಲೇ ಬೇರೆಬೇರೆಯಾಗಿ ಇರುತ್ತವೆ. ಬೇರೆ ಇರುವುದನ್ನು ಬೆರೆಸಿ, ಬೆರೆಸಿದ್ದನ್ನು ಮತ್ತೆ ಬಿಡಿಸುವಾಗ ಚಿತ್ರ ಕೆಡದೆ ಇರದು. ಬೇರೆಬೇರೆಯಾಗಿಯೇ ಕಳಿಸುವ ‘ಎಸ್-ವೀಡಿಯೊ’ ಎಂಬ ದುಂಡು ಪಿನ್ನಿನ ದಾರಿ ಪ್ಲೇಯರಿನಲ್ಲೂ ಸಾಧನದಲ್ಲೂ ಇದ್ದರೆ ಅದನ್ನೇ ಬಳಸಬೇಕು.

ಎರಡನೆಯದು, ಸಮಯ ತಿದ್ದುವ ಸಾಮರ್ಥ್ಯ. ಹಿಗ್ಗಿದ ಟೇಪಿನ ಸಾಲುಗಳನ್ನು ಸರಿಯಾದ ಗಳಿಗೆಗೆ ಕೂರಿಸುವ ಯಂತ್ರಭಾಗಕ್ಕೆ ‘ಟೈಮ್ ಬೇಸ್ ಕರೆಕ್ಟರ್’ ಎಂದು ಹೆಸರು. ಕೆಲವು ಮೇಲ್ದರ್ಜೆಯ ಪ್ಲೇಯರುಗಳಲ್ಲಿ ಇದು ಒಳಗೇ ಇರುತ್ತದೆ. ಕೆಲವು ಹಳೆಯ ಡಿ.ವಿ.ಡಿ. ರೆಕಾರ್ಡರುಗಳನ್ನು ಪ್ಲೇಯರಿಗೂ ಸಾಧನಕ್ಕೂ ನಡುವೆ ಜೋಡಿಸಿದರೆ ಅವೂ ಸ್ವಲ್ಪಮಟ್ಟಿಗೆ ಈ ಕೆಲಸ ಮಾಡುತ್ತವೆ. ಇದಿಲ್ಲದ ಅಗ್ಗದ ಸಾಧನ ಕೆಟ್ಟ ಚಿತ್ರ ಬಂದಾಗಲೆಲ್ಲ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಚಿತ್ರ ಕಡಿಮೆಯಾಯಿತು, ಧ್ವನಿ ಕಡಿಮೆಯಾಗಲಿಲ್ಲ. ಮೂರು ಗಂಟೆಯ ಕೊನೆಯಲ್ಲಿ ಡೋಲಿನ ಮೇಲೆ ಕೈ ಬೀಳುವುದೇ ಒಂದು ಹೊತ್ತು, ಸದ್ದು ಕೇಳುವುದೇ ಇನ್ನೊಂದು ಹೊತ್ತು. ಯಾವುದೇ ಸಾಧನವನ್ನು ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಡೋಲು, ಚೆಂಡೆ ಅಥವಾ ಚಪ್ಪಾಳೆ ಇರುವ ಟೇಪನ್ನು ಪೂರ್ತಿ ಇಳಿಸಿ ಕೊನೆಯ ಐದು ನಿಮಿಷವನ್ನು ನೋಡಬೇಕು.

ಮೂರನೆಯದು, ಪದ್ಧತಿ. ಅಮೆರಿಕಕ್ಕೆ ಹೋದ ಮಕ್ಕಳು ಅಲ್ಲಿಂದ ಕಳಿಸಿದ ಕ್ಯಾಸೆಟ್ಟುಗಳು ‘ಎನ್.ಟಿ.ಎಸ್.ಸಿ.’ ಪದ್ಧತಿಯವು: 525 ಸಾಲು, ಸೆಕೆಂಡಿಗೆ ಅರವತ್ತರಷ್ಟು ಅರೆಚಿತ್ರ. ಭಾರತದ ಅನೇಕ ಹಳೆಯ ವಿ.ಸಿ.ಆರ್.ಗಳಲ್ಲಿ ಇವು ಬಣ್ಣವಿಲ್ಲದೆ ಮೂಡುತ್ತವೆ, ಇಲ್ಲವೆ ಉರುಳುತ್ತವೆ. ಕೊಲ್ಲಿ ದೇಶಗಳಿಂದ ಬಂದವು ಬಹುತೇಕ ಪಾಲ್. ಮನೆಯಲ್ಲಿ ಎರಡೂ ಬಗೆಯವಿದ್ದರೆ ಪ್ಲೇಯರೂ ಸಾಧನವೂ ಎರಡನ್ನೂ ಬಲ್ಲವಾಗಿರಬೇಕು.

ನಾಲ್ಕನೆಯದು, ಬೆಳಕಿನ ಮಿತಿ. ಆ ಕಾಲದ ಮದುವೆಯ ದೀಪಗಳು ಬಲು ಪ್ರಖರ. ಬಿಳಿ ಪಂಚೆ, ಸೀರೆಯ ಜರಿ ತೆರೆಯ ಮೇಲೆ ಬರಿಯ ಬಿಳಿಯ ಪಟ್ಟೆಯಾಗಿ ಕಂಡರೆ, ಟೇಪಿನಲ್ಲಿರುವ ವಿವರವನ್ನು ಸಾಧನ ಕತ್ತರಿಸುತ್ತಿದೆಯೆಂದು ಶಂಕಿಸಬೇಕು. ಇಳಿಸುವ ಮುನ್ನವೇ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಅವಕಾಶ ಸಾಧನದಲ್ಲಿರಬೇಕು. ಇಳಿಸಿದ ಮೇಲೆ ತಿದ್ದಿದರೆ ಕತ್ತರಿಸಿಹೋದ ವಿವರ ಮತ್ತೆ ಬಾರದು.

ಐದನೆಯದೇ ಎಲ್ಲಕ್ಕಿಂತ ಮುಖ್ಯ: ಸಾಧನ ಎಷ್ಟನ್ನು ಉಳಿಸುತ್ತದೆ? ಏನನ್ನೂ ಕುಗ್ಗಿಸದೆ ಬರೆದುಕೊಂಡರೆ ಒಂದು ಗಂಟೆಯ ಟೇಪಿಗೆ ಸುಮಾರು 75 ಗಿಗಾಬೈಟ್ ಜಾಗ ಬೇಕು. ಗುಣ ಕೆಡದಂತೆ ಮಡಚಿಡುವ ವಿಧಾನಗಳುಂಟು. ‘ಎಫ್.ಎಫ್.ವಿ.1’ ಎಂಬ, ಎಲ್ಲರಿಗೂ ಉಚಿತವಾಗಿ ದೊರೆಯುವ ವಿಧಾನವನ್ನು ಜಗತ್ತಿನ ಅನೇಕ ಪತ್ರಾಗಾರಗಳು ಒಪ್ಪಿಕೊಂಡಿವೆ. ಅದರಲ್ಲಿ ಜಾಗ ಬಹಳಷ್ಟು ಉಳಿಯುತ್ತದೆ, ಬಿಚ್ಚಿದಾಗ ಒಂದು ಚುಕ್ಕೆಯೂ ಕಡಿಮೆಯಿರುವುದಿಲ್ಲ. ಇನ್ನು ಡಿ.ವಿ. ವಿಧಾನದಲ್ಲಿ ಗಂಟೆಗೆ ಸುಮಾರು 13 ಗಿಗಾಬೈಟ್. ನಷ್ಟ ಸ್ವಲ್ಪ, ಕೆಲಸ ಸಲೀಸು. ಡಿ.ವಿ.ಡಿ.ಗೆ ಬಳಸುವ ಎಂಪೆಗ್-2 ವಿಧಾನದಲ್ಲಿ ಎರಡು ಮೂರು ಗಿಗಾಬೈಟಿಗೆ ಇಳಿಯುತ್ತದೆ. ಆದರೆ ಹಳೆಯ ಟೇಪಿನ ಚಿತ್ರದಲ್ಲಿ ಕುಣಿಯುವ ಮರಳಿನಂಥ ಕಣಗಳನ್ನು ಅದು ಅರ್ಥಮಾಡಿಕೊಳ್ಳಲಾರದೆ ಚೌಕಚೌಕವಾಗಿ ಒಡೆದುಬಿಡುತ್ತದೆ.

ಅಗ್ಗದ ಹಲವು ಸಾಧನಗಳು ಇನ್ನೂ ಒಂದು ಕೈಚಳಕ ಮಾಡುತ್ತವೆ. ಐವತ್ತು ಅರೆಚಿತ್ರಗಳನ್ನು ತಾವಾಗಿಯೇ ಇಪ್ಪತ್ತೈದು ಪೂರ್ಣಚಿತ್ರಗಳಾಗಿ ಮಾಡಿ, ಚಲನೆಯ ಅರ್ಧವನ್ನು ಎಸೆದುಬಿಡುತ್ತವೆ. ಯಕ್ಷಗಾನದ ವೇಷಧಾರಿ ಗಿರಕಿ ಹೊಡೆಯುವಾಗ ಬಾಚಣಿಗೆಯ ಹಲ್ಲಿನಂತೆ ಅಂಚು ಮೂಡಿದರೆ, ಇಲ್ಲವೆ ಕುಣಿತ ತಡವರಿಸಿದಂತೆ ಕಂಡರೆ ಕಾರಣ ಇದೇ ಇರಬಹುದು. ಮೂಲವನ್ನು ಅರೆಚಿತ್ರಗಳಾಗಿಯೇ ಇಟ್ಟುಕೊಂಡು, ಫೋನಿನಲ್ಲಿ ನೋಡುವ ಸಣ್ಣ ಪ್ರತಿಯನ್ನು ಅದರಿಂದ ಬೇರೆಯಾಗಿ ಮಾಡಿಕೊಳ್ಳುವುದು ಸರಿಯಾದ ದಾರಿ. ಕುಗ್ಗಿಸುವ ಕೆಲಸ ಯಾವತ್ತಾದರೂ ಮಾಡಬಹುದು, ಹಿಗ್ಗಿಸುವುದು ಸಾಧ್ಯವಿಲ್ಲ.

ಇಷ್ಟೆಲ್ಲ ಬೇಕಿಲ್ಲದ ಒಂದು ಬಗೆಯ ಟೇಪೂ ಇದೆ. 1990ರ ದಶಕದ ನಡುವಿನಲ್ಲಿ ಬಂದ ಬೆಂಕಿಪೊಟ್ಟಣದಂಥ ‘ಮಿನಿ ಡಿ.ವಿ.’ ಕ್ಯಾಸೆಟ್ಟಿನಲ್ಲಿ ಚಿತ್ರ ಆಗಲೇ ಅಂಕಿಗಳ ರೂಪದಲ್ಲಿರುತ್ತದೆ. ಅದನ್ನು ಅಳೆಯಬೇಕಿಲ್ಲ, ‘ಫೈರ್‌ವಯರ್’ ವಯರಿನ ಮೂಲಕ ಹಾಗೆಯೇ ನಕಲು ಮಾಡಿಕೊಂಡರೆ ಆಯಿತು. ಆದರೆ ಆ ವಯರಿನ ಕಿಂಡಿ ಈಗಿನ ಹೊಸ ಕಂಪ್ಯೂಟರುಗಳಲ್ಲಿ ಸಿಗುವುದಿಲ್ಲವಾದ್ದರಿಂದ ಹಳೆಯ ಕಂಪ್ಯೂಟರೊಂದನ್ನು ಹುಡುಕಿಕೊಳ್ಳಬೇಕಾದೀತು.

ಟಿ.ವಿ.ಯ ಲೆಕ್ಕ ಬೇರೆ

ಟಿ.ವಿ. ಕಾರ್ಯಕ್ರಮ ದಾಖಲಿಸಲೂ ಇದೇ ಸಾಧನ ಸಾಕೆಂದು ಹಲವರು ತಿಳಿಯುತ್ತಾರೆ. ಹಿಂದೆ ಅದು ನಿಜವಿತ್ತು. ಗಾಳಿಯಲ್ಲಿ ಬರುತ್ತಿದ್ದದ್ದೂ ಟೇಪಿನಲ್ಲಿದ್ದಂಥದೇ ಸಂಕೇತ. ಆದರೆ ದೂರದರ್ಶನ ತನ್ನ ಹಳೆಯ ಬಗೆಯ ಟ್ರಾನ್ಸ್‌ಮಿಟರುಗಳಲ್ಲಿ ಕೆಲವು ಆಯಕಟ್ಟಿನ ಜಾಗಗಳನ್ನು ಬಿಟ್ಟು ಉಳಿದವನ್ನು 2022ರ ಮಾರ್ಚಿನ ವೇಳೆಗೆ ಮುಚ್ಚಿತು. ಈಗ ಮನೆಗೆ ಬರುವುದೇ ಅಂಕಿಗಳ ಪ್ರವಾಹ. ಅದನ್ನು ಸೆಟ್‌ಟಾಪ್ ಪೆಟ್ಟಿಗೆಯಲ್ಲಿ ಚಿತ್ರವಾಗಿಸಿ, ಹಳದಿ ವಯರಿನಲ್ಲಿ ಹೊರತಂದು, ಮತ್ತೆ ಅಂಕಿಗಳಾಗಿ ಮಾಡುವುದೆಂದರೆ ಬೀಸಿದ ಹಿಟ್ಟನ್ನು ಮತ್ತೆ ಬೀಸಿದಂತೆ. ಡಿ.ಡಿ. ಫ್ರೀ ಡಿಶ್‌ನಂಥ ಉಚಿತ ಪ್ರಸಾರದ ಬೀಗವಿಲ್ಲದ ವಾಹಿನಿಗಳನ್ನು ಕಂಪ್ಯೂಟರಿಗೆ ಹಾಕುವ ಉಪಗ್ರಹ ಟ್ಯೂನರ್ ಕಾರ್ಡು ಬಂದ ಪ್ರವಾಹವನ್ನೇ ಹಾಗೆಯೇ ಬರೆದಿಡಬಲ್ಲದು, ನಷ್ಟವೇ ಇಲ್ಲ. ಚಂದಾ ವಾಹಿನಿಗಳಿಗೆ ಬೀಗವಿರುತ್ತದೆ. ಅಲ್ಲಿ ಕಂಪನಿಯದೇ ರೆಕಾರ್ಡರ್ ಪೆಟ್ಟಿಗೆಯನ್ನು ಅವಲಂಬಿಸಬೇಕು. ಅದರಲ್ಲಿ ದಾಖಲಾದದ್ದು ಸಾಮಾನ್ಯವಾಗಿ ಆ ಪೆಟ್ಟಿಗೆಯನ್ನು ಬಿಟ್ಟು ಬೇರೆಲ್ಲೂ ಓಡದು.

ಮಾರಾಟದ ಸಿನಿಮಾ ಕ್ಯಾಸೆಟ್ಟುಗಳಲ್ಲೂ 1985ರಿಂದೀಚೆಗೆ ನಕಲು ತಡೆಯುವ ಸಂಕೇತ ಸೇರಿಸುವ ಪದ್ಧತಿ ಬಂತು. ಅದನ್ನು ಕಂಡ ಕೂಡಲೇ ಹಲವು ಕ್ಯಾಪ್ಚರ್ ಸಾಧನಗಳು ಕೆಲಸ ನಿಲ್ಲಿಸುತ್ತವೆ. ಸೋಜಿಗವೆಂದರೆ, ಸವೆದುಹೋದ ಮನೆಯ ಟೇಪಿನ ಗದ್ದಲವನ್ನೂ ಕೆಲವು ಸಾಧನಗಳು ಅದೇ ಸಂಕೇತವೆಂದು ಭ್ರಮಿಸಿ ಮುಷ್ಕರ ಹೂಡುತ್ತವೆ. ಸಮಯ ತಿದ್ದುವ ಯಂತ್ರವಿದ್ದರೆ ಈ ಭ್ರಮೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಗಡುವಿನ ಮಾತು

ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲಿಯೇ ಒಂದು ಎಚ್ಚರಿಕೆ ಕೊಟ್ಟಿತ್ತು: ಕಾಂತೀಯ ಟೇಪಿನಲ್ಲಿರುವುದನ್ನು 2025ರೊಳಗೆ ಇಳಿಸಿಕೊಳ್ಳದಿದ್ದರೆ ಹೆಚ್ಚಿನದು ಕೈತಪ್ಪುತ್ತದೆ ಎಂದು. 2019ರಲ್ಲಿ ಯುನೆಸ್ಕೊ ಕೂಡ ಧ್ವನಿ ಮತ್ತು ದೃಶ್ಯ ಸಂಗ್ರಹಗಳ ಅಂತರರಾಷ್ಟ್ರೀಯ ಸಂಘದೊಡನೆ ಸೇರಿ ಇದೇ ಮಾತನ್ನು ಜಗತ್ತಿಗೆಲ್ಲ ಸಾರಿತು. ಆ ವರ್ಷ ಬಂದದ್ದೂ ಆಯಿತು. ಟೇಪುಗಳೆಲ್ಲ ಒಂದೇ ದಿನ ಸಾಯುವುದಿಲ್ಲ, ನಿಜ. ಆದರೆ ಟೇಪು, ಯಂತ್ರ, ಯಂತ್ರ ಬಲ್ಲ ಕೈ, ಈ ಮೂರೂ ಒಟ್ಟಿಗೆ ಸಿಗುವ ದಿನಗಳು ಕಡಿಮೆಯಾಗುತ್ತಿವೆ.

ಹತ್ತೇ ಕ್ಯಾಸೆಟ್ಟುಗಳಿರುವ ಮನೆಯವರು ಸಾಧನ ಕೊಂಡು ಕಲಿಯುವುದಕ್ಕಿಂತ ಈ ಕೆಲಸ ಮಾಡುವ ಅಂಗಡಿಗೆ ಕೊಡುವುದೇ ಲೇಸು. ಆದರೆ ಕೊಡುವಾಗ ಸುಮ್ಮನೆ ‘ಸಿ.ಡಿ. ಮಾಡಿಕೊಡಿ’ ಎನ್ನಬಾರದು. ಯಾವ ಪ್ಲೇಯರ್, ಯಾವ ಸಾಧನ, ಕುಗ್ಗಿಸದ ಮೂಲ ಕಡತ ಕೊಡುತ್ತೀರಾ ಎಂದು ಕೇಳಬೇಕು. ಮೊದಲು ಮುಖ್ಯವಲ್ಲದ ಒಂದು ಕ್ಯಾಸೆಟ್ಟು ಕೊಟ್ಟು ನೋಡಬೇಕು. ಇಪ್ಪತ್ತು ವರ್ಷದ ಹಿಂದೆ ಡಿ.ವಿ.ಡಿ. ಮಾಡಿಸಿ ನಿಶ್ಚಿಂತರಾದವರು ಟೇಪು ಇನ್ನೂ ಇದ್ದರೆ ಮತ್ತೊಮ್ಮೆ ಇಳಿಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಬರೆದ ಡಿ.ವಿ.ಡಿ.ಯೂ ಶಾಶ್ವತವಲ್ಲ. ಇಳಿಸಿದ ಕಡತವನ್ನು ಎರಡು ಬೇರೆ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಊರುಗಳಲ್ಲಿ ಇಡಬೇಕು. ಟೇಪನ್ನೂ ಎಸೆಯಬಾರದು. ಹೆಡ್ಡಿನ ಸಂಕೇತವನ್ನೇ ನೇರವಾಗಿ ಹಿಡಿದು ಉಳಿದ ಕೆಲಸವನ್ನೆಲ್ಲ ಕಂಪ್ಯೂಟರಿನಿಂದ ಮಾಡಿಸುವ ಹೊಸ ವಿಧಾನವೊಂದನ್ನು ಹವ್ಯಾಸಿಗಳು ಈಚಿನ ವರ್ಷಗಳಲ್ಲಿ ಬೆಳೆಸಿದ್ದಾರೆ. ಇಂದು ಮಸುಕಾಗಿ ಬಂದದ್ದು ನಾಳೆ ಇನ್ನಷ್ಟು ನಿಚ್ಚಳವಾಗಿ ಬಂದೀತು.

ಯಾವ ಸಾಧನವೂ ಹಿಡಿಯಲಾರದ ಒಂದು ಸಂಗತಿ ಮಾತ್ರ ಉಳಿಯುತ್ತದೆ. ಮಂಟಪದ ಮೂಲೆಯಲ್ಲಿ ಕುಳಿತು ವೀಳ್ಯ ಮಡಚುತ್ತಿರುವ ಆ ಹೆಂಗಸು ಯಾರು? ವರನ ಪಕ್ಕ ನಿಂತು ನಗುತ್ತಿರುವ ಆ ಹುಡುಗ ಯಾರ ಮನೆಯವನು? ಕ್ಯಾಸೆಟ್ಟನ್ನು ಇಳಿಸುವ ದಿನ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಕ್ಯಾಸೆಟ್ಟಿನ ಜೊತೆಗೆ ಇಡುವುದು ಒಳ್ಳೆಯದು. ಹತ್ತು ವರ್ಷ ಕಳೆದ ಮೇಲೆ ಚಿತ್ರ ಎಷ್ಟು ನಿಚ್ಚಳವಾಗಿದ್ದರೂ ಆ ಹೆಸರುಗಳನ್ನು ಹೇಳುವವರು ಇರುವುದಿಲ್ಲ.